ಹದಿನೇಳನೇ ನಂಬರಿನ ಬೆಸುಗೆ

ಅಪ್ಪ ಅಮ್ಮ ನನಗಿಟ್ಟ ಹೆಸರು ಬೇರೆ. ಆದರೆ ನಮ್ಮ ತರಬೇತಿ ಕೇಂದ್ರದ ಗೇಟಿನಲ್ಲಿ ನಿಂತು ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫೇಲಪ್ಪ ಎಲ್ಲಿ ಎಂದು ಕೇಳಿ, ಕಾವಲಿನವನಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ನನ್ನ ಕಡೆಗೆ ಕೈ ತೋರಿಸುತ್ತಾರೆ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಬೆಸುಗೆ ಪರೀಕ್ಷಕ. ಎರಡು ಉಕ್ಕಿನ ಪಟ್ಟಿಗಳನ್ನು ಬೆಸೆದು ಒಂದು ಮಾಡಿ ತಂದಿಡುತ್ತಾರೆ. ಅವು ನಿಜಕ್ಕೂ ಒಂದಾಗಿವೆಯೋ, ಒಂದಾದ ಹಾಗೆ ನಾಟಕ ಆಡುತ್ತಿವೆಯೋ ಎಂದು ನಾನು ಹೇಳಬೇಕು. ನೂರಕ್ಕೆ ಎಪ್ಪತ್ತು ನಾಟಕವೇ. ಅದಕ್ಕೆ ನಾನೇನು ಮಾಡಲಿ?

ಈಗ ಲೋಕದ ತುಂಬ ಬೆಸುಗೆಯವರಿಗೆ ಬರ ಬಂದಿದೆ. ಹಡಗು ಕಟ್ಟುವವರಿಗೆ ಬೇಕು, ಸೇತುವೆ ಕಟ್ಟುವವರಿಗೆ ಬೇಕು, ಕೊಳವೆ ಹಾಕುವವರಿಗೆ ಬೇಕು. ಹಾಗಂತ ಇದ್ದವರನ್ನಾದರೂ ನೆಟ್ಟಗೆ ಇಟ್ಟುಕೊಳ್ಳುತ್ತಾರೆಯೇ? ನನ್ನ ಸೋದರಮಾವನ ಮಗನೊಬ್ಬನಿದ್ದಾನೆ. ಕೈಯಲ್ಲಿ ನನ್ನನ್ನು ಮೀರಿಸಿದವನು ಎಂದು ನಾನು ಒಪ್ಪುವ ಒಬ್ಬನೇ ಮನುಷ್ಯ. ಹೊರದೇಶದವರು ಬನ್ನಿ ಬನ್ನಿ ಎಂದು ಕರೆದರು, ಹೋದ. ಹೋದ ಮೇಲೆ, ನಿನ್ನ ಸರ್ಟಿಫಿಕೇಟಿಗೆ ಸರಿಯಾದ ಮೊಹರಿಲ್ಲ ಅಂದರು. ನಾಲ್ಕು ವರ್ಷದಿಂದ ಅಲ್ಲಿ ಬಸ್ಸು ಓಡಿಸುತ್ತಿದ್ದಾನೆ. ‘ಬೆಸುಗೆಯವರು ಬೇಕಾಗಿದ್ದಾರೆ’ ಎಂದು ಬೋರ್ಡು ಹಾಕಿಕೊಂಡ ಕಾರ್ಖಾನೆಯ ಮುಂದೆಯೇ ದಿನಕ್ಕೆ ಆರು ಸಲ ಬಸ್ಸು ನಿಲ್ಲಿಸುತ್ತಾನಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ಹೇಳಿದ್ದರು. ಹಲ್ಲೂ ಕಡಲೆಯೂ ಎದುರುಬದುರು ಕೂತು ಮುಖ ನೋಡಿಕೊಳ್ಳುವ ಕಾಲವೂ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಮ್ಮ ಕೇಂದ್ರವೇನೂ ಕಡಿಮೆಯಲ್ಲ. ನಮ್ಮ ಪ್ರಾಂಶುಪಾಲರು ಮೀನಿನ ಕಿವಿರಿಗೆ ಬರುವ ರೋಗಗಳ ಮೇಲೆ ಡಾಕ್ಟರೇಟ್ ಮಾಡಿದವರು. ಮೀನಿನ ಇಲಾಖೆಯಲ್ಲಿ ಜಾಗ ಖಾಲಿ ಇರಲಿಲ್ಲ, ಇಲ್ಲಿ ಇತ್ತು, ಬಂದು ಕೂತರು. ಎಲ್ಲರೂ ಅವರನ್ನು ಮೀನು ಮೇಷ್ಟ್ರು ಅನ್ನುತ್ತಾರೆ. ಪಾಪ, ಒಳ್ಳೆಯವರು. ಬೆಸುಗೆಯ ಕಿಡಿ ಕಂಡರೆ ಇವತ್ತಿಗೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಇನ್ನು ನನ್ನ ಹೆಂಡತಿ. ಗ್ರಂಥಾಲಯ ವಿಜ್ಞಾನದಲ್ಲಿ ಮೊದಲ ದರ್ಜೆ. ಹದಿನಾಲ್ಕು ವರ್ಷ ಲೈಬ್ರರಿ ನಡೆಸಿದಳು. ಅದು ಮುಚ್ಚಿ, ಆ ಜಾಗದಲ್ಲಿ ಮೊಬೈಲಿನ ಕವರು ಮಾರುವ ಅಂಗಡಿ ಬಂತು. ಆಮೇಲೆ ಆರು ವರ್ಷದಲ್ಲಿ ತೊಂಬತ್ತನಾಲ್ಕು ಅರ್ಜಿ ಹಾಕಿದ್ದಾಳೆ. ಅರ್ಧ ಜನ ಓದು ಜಾಸ್ತಿಯಾಯಿತು ಅಂದರು, ಇನ್ನರ್ಧ ಜನ ವಯಸ್ಸು ಜಾಸ್ತಿಯಾಯಿತು ಅಂದರು. ಕೈ ಸುಮ್ಮನಿರಲಾರದೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಲೈಬ್ರರಿಯ ಲೆಕ್ಕದಲ್ಲಿ ನಂಬರು ಅಂಟಿಸಿಬಿಟ್ಟಳು. ನನಗೆ ಸಕ್ಕರೆ ಬೇಕಾದರೆ ಮೊದಲು ಅದು ಯಾವ ವಿಷಯದ ಕೆಳಗೆ ಬರುತ್ತದೆಂದು ಯೋಚಿಸಬೇಕು. ಎಷ್ಟೋ ದಿನ ಸಪ್ಪೆ ಚಹಾ ಕುಡಿದಿದ್ದೇನೆ.

ಹೋದ ವರ್ಷ ಹೊರದೇಶದ ಕೊಳವೆ ಕಂಪನಿಯೊಂದು ನಮ್ಮ ಕೇಂದ್ರಕ್ಕೆ ಬಂತು. ಎರಡು ವರ್ಷದ ಕೆಲಸ, ವಯಸ್ಸಿನ ಮಿತಿ ಇಲ್ಲ, ಹೆಣ್ಣು ಗಂಡು ಭೇದವಿಲ್ಲ, ಏನು ಓದಿದ್ದರೂ ಸರಿ. ಎಂಟು ತಿಂಗಳು ಸಂಜೆ ತರಬೇತಿ ಕೊಡಿ, ನಿಮ್ಮ ಕೇಂದ್ರದ ಸರ್ಟಿಫಿಕೇಟನ್ನೇ ಒಪ್ಪುತ್ತೇವೆ ಅಂದರು. ಆ ಸುದ್ದಿಯನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ.

“ನಾನು ಸೇರ್ತೀನಿ,” ಅಂದಳು ಹೆಂಡತಿ.

ನಗು ಬಂತು. ತುತ್ತು ಬಾಯಲ್ಲಿದ್ದಾಗ ನಗಬಾರದು; ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅವಳು ನೀರು ಕೊಟ್ಟು, ತಲೆ ತಟ್ಟಿ, ನನ್ನ ಕೆಮ್ಮು ನಿಲ್ಲುವವರೆಗೆ ಕಾದಳು.

“ನಕ್ಕಿದ್ದಾಯ್ತಾ?”

“ಆಯ್ತು.”

“ಸೋಮವಾರದಿಂದ ಸಂಜೆ ನಾನು ಮನೇಲಿರಲ್ಲ. ಅಡುಗೆ ನಿಮ್ದು.”

“ಅಲ್ವೇ, ಒಂದು ಬಲ್ಬ್ ಬದಲಾಯಿಸೋಕೆ ನನ್ನನ್ನ ಕರೀತೀಯ. ನಿನಗೆ ಯಾಕೆ ಈ ಬೆಂಕಿ ಸಹವಾಸ?”

ಅವಳು ತಟ್ಟೆ ಎತ್ತುತ್ತಾ ಹೇಳಿದಳು: “ಆರು ವರ್ಷ ಆಯ್ತು ರೀ, ಯಾರಿಗೂ ಬೇಡವಾಗಿ. ಈಗ ಇಡೀ ಲೋಕಕ್ಕೆ ಬೇಕು ಅಂತಿದಾರೆ. ಕರೆದಾಗ ಹೋಗಬೇಕಲ್ವಾ?”

ಒಂದು ವಾರ, ಹೆಚ್ಚೆಂದರೆ ಎರಡು ವಾರ, ಆಮೇಲೆ ತಾನೇ ಬಿಡುತ್ತಾಳೆ ಅಂದುಕೊಂಡೆ. ಅವಳೇನೂ ಬಿಡಲಿಲ್ಲ. ಅರವತ್ತೆರಡು ಜನ ಸೇರಿದ್ದರು, ಇತಿಹಾಸದ ಎಂ.ಎ.ಗಳು, ಲೆಕ್ಕಪತ್ರದ ಪದವೀಧರರು, ಒಬ್ಬ ಸಂಗೀತದ ಮೇಷ್ಟ್ರು. ಎಂಟು ತಿಂಗಳ ಕೊನೆಗೆ ಉಳಿದವರು ಇಪ್ಪತ್ತಮೂರು ಜನ. ಅದರಲ್ಲಿ ನನ್ನ ಹೆಂಡತಿ ಒಬ್ಬಳು.

ಅವಳ ಕೆಲಸ ನೋಡುವ ಭಾಗ್ಯ ನನಗಿರಲಿಲ್ಲ. ಪರೀಕ್ಷಕ ತರಬೇತಿಯ ಶೆಡ್ಡಿಗೆ ಕಾಲಿಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಏಕೆಂದರೆ ಬೆಸುಗೆ ಎಂದರೆ ಕೈಬರಹ. ಒಬ್ಬೊಬ್ಬರ ಕೈ ಒಂದೊಂದು ಥರ ಓಡುತ್ತದೆ. ಒಮ್ಮೆ ನೋಡಿದರೆ ನನಗೆ ಮರೆಯುವುದಿಲ್ಲ. ಆಮೇಲೆ ನಂಬರು ಹಾಕಿದರೂ ಒಂದೇ, ಹೆಸರು ಬರೆದರೂ ಒಂದೇ. ಆದರೆ ಮನೆಯಲ್ಲಿ ನೋಡುವುದಕ್ಕೆ ಯಾರ ಅಡ್ಡಿ? ಭಾನುವಾರ ಅವಳು ಒಲೆಯ ಮುಂದೆ ನಿಂತು ಸೌಟು ತಿರುವುವಾಗ ಕೈ ಅರ್ಧಚಂದ್ರದ ಹಾಗೆ ತೂಗುತ್ತಿತ್ತು, ಎಡಕ್ಕೆ ಬಂದಾಗ ಒಂದು ಚೂರು ನಿಲ್ಲುತ್ತಿತ್ತು. ಆ ತೂಗು ನನ್ನದು. ನಾನು ಮೂವತ್ತು ವರ್ಷ ಹಾಗೇ ಬೆಸೆದವನು, ಮಾತಾಡುವಾಗಲೂ ನನ್ನ ಕೈ ಹಾಗೇ ಆಡುತ್ತದೆ. ಓಹೋ, ಬಾಯಲ್ಲಿ ಕೇಳದಿದ್ದರೂ ನನ್ನ ಕೈ ಕದ್ದಿದ್ದಾಳೆ ಎಂದು ಒಳಗೊಳಗೇ ಬೀಗಿದೆ. ಬೀಗಿದ ಹಿಂದೆಯೇ ಇನ್ನೊಂದು ಯೋಚನೆ ಬಂತು. ನನ್ನ ಕೈ ಬಂದಿದ್ದರೆ ಇವಳು ಪಾಸಾಗುತ್ತಾಳೆ. ಪಾಸಾದರೆ ಹೋಗುತ್ತಾಳೆ. ಆ ದಿನ ಊಟ ಸೇರಲಿಲ್ಲ.

ಪರೀಕ್ಷೆಯ ವಿಚಾರ ಸ್ವಲ್ಪ ಹೇಳಬೇಕು. ಮೊದಲ ದಿನ ಎಲ್ಲರೂ ಶೆಡ್ಡಿನಲ್ಲಿ ಬೆಸೆಯುತ್ತಾರೆ, ತುಂಡುಗಳಿಗೆ ನಂಬರು ಒತ್ತುತ್ತಾರೆ. ಎರಡನೇ ದಿನ ನಾನು ಭೂತಗನ್ನಡಿ ಹಿಡಿದು ಒಬ್ಬನೇ ಕೂತು ನೋಡುತ್ತೇನೆ. ಕಣ್ಣಿಗೆ ಪಾಸಾದವು ಪ್ರೆಸ್ಸಿಗೆ ಹೋಗುತ್ತವೆ. ಅಲ್ಲಿ ಬಗ್ಗಿಸಿದಾಗ ಒಡೆಯದಿದ್ದರೆ ಸರ್ಟಿಫಿಕೇಟು. ಇದರ ಜೊತೆಗೆ ಒಂದು ಕಿತಾಪತಿ ಉಂಟು. ಪರೀಕ್ಷಕನನ್ನೇ ಪರೀಕ್ಷೆ ಮಾಡಲು, ಅಭ್ಯರ್ಥಿಗಳ ತುಂಡುಗಳ ನಡುವೆ ಪಳಗಿದ ಕೈಯ ಒಳ್ಳೆಯ ತುಂಡೊಂದನ್ನು ಪ್ರಾಂಶುಪಾಲರು ಸೇರಿಸಿಡುತ್ತಾರೆ. ನಾವದಕ್ಕೆ ಕಳ್ಳ ತುಂಡು ಅನ್ನುತ್ತೇವೆ. ಅದನ್ನು ಫೇಲು ಮಾಡಿದ ಪರೀಕ್ಷಕನ ಕಣ್ಣನ್ನು ನಂಬುವಂತಿಲ್ಲ, ಇಡೀ ಬ್ಯಾಚು ರದ್ದು. ನಮ್ಮಲ್ಲಿ ಕಳ್ಳ ತುಂಡುಗಳೆಲ್ಲ ತೀರಿಕೊಂಡ ನನ್ನ ಗುರುಗಳು ಬೆಸೆದಿಟ್ಟು ಹೋದವು. ತೂಗಿಲ್ಲ, ಬಾಗಿಲ್ಲ, ದಾರ ಎಳೆದ ಹಾಗೆ ನೇರ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಕೈಗೆ ಸಿಕ್ಕಿಬೀಳದೆ ಹೋಗಿಲ್ಲ.

ಆ ದಿನ ಮೇಜಿನ ಮೇಲೆ ಇಪ್ಪತ್ತನಾಲ್ಕು ತುಂಡುಗಳಿದ್ದವು. ಒಂಬತ್ತನೇ ನಂಬರು ನೋಡುತ್ತಲೇ ಗುರುಗಳೇ ಬಂದಂತಾಯಿತು. ಅದೇ ನೇರ, ಅದೇ ಸಮ. ಸುಮ್ಮನೆ ಕೈಮುಗಿದು ಪಾಸು ಎಂದು ಬರೆದೆ. ಹದಿನೇಳನೇ ನಂಬರು ಎತ್ತಿಕೊಂಡೆ. ಅರ್ಧಚಂದ್ರದ ತೂಗು, ಎಡಕ್ಕೊಂದು ಚೂರು ನಿಲುಗಡೆ. ನನ್ನ ಹೆಂಡತಿ!

ಚೆನ್ನಾಗಿತ್ತು. ಅದನ್ನು ಈಗಲೂ ಹೇಳುತ್ತೇನೆ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೊರೆತ ಇತ್ತು, ಬೇರೆ ದಿನವಾಗಿದ್ದರೆ ಕಂಡೂ ಕಾಣದಂತೆ ಬಿಡುತ್ತಿದ್ದೆ. ಆದರೆ ಆವತ್ತು ಭೂತಗನ್ನಡಿಯನ್ನು ಅಲ್ಲೇ ಹಿಡಿದು ಕೂತೆ. ಹೆಂಡತಿಯನ್ನು ಪಾಸು ಮಾಡಿದರೆ ಊರು ಏನನ್ನುತ್ತದೆ? ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವುದಿಲ್ಲವೇ? ನ್ಯಾಯ ಎಂದರೆ ನ್ಯಾಯ. ಹೀಗೆ ನನಗೆ ನಾನೇ ಭಾಷಣ ಮಾಡಿಕೊಂಡು ‘ಅಂಚಿನಲ್ಲಿ ಕೊರೆತ, ಫೇಲು’ ಎಂದು ಬರೆದೆ. ಊರಿನ ಮಾತಿಗೆ ನಾನು ಯಾವತ್ತು ಸೊಪ್ಪು ಹಾಕಿದವನು? ನಿಜ ಏನೆಂದರೆ, ಬರೆದು ಪೆನ್ನು ಮುಚ್ಚಿದಾಗ ನನ್ನ ಎದೆ ಹಗುರಾಯಿತು. ಇನ್ನು ಇವಳು ಎಲ್ಲೂ ಹೋಗುವುದಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನ ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಣ್ಣಿಗೆ ಪಾಸಾದ ಎಂಟು ತುಂಡುಗಳು ಪ್ರೆಸ್ಸಿನಲ್ಲೂ ಒಡೆಯದೆ ಉಳಿದವು. ಮಧ್ಯಾಹ್ನ ಮೀನು ಮೇಷ್ಟ್ರ ಕೋಣೆಯಲ್ಲಿ, ಯಾವ ನಂಬರು ಯಾರದು ಎಂದು ಬರೆದಿಟ್ಟ ಲಕೋಟೆ ತೆರೆಯುವ ಶಾಸ್ತ್ರ. ಕಂಪನಿಯ ಪರವಾಗಿ ಬಂದಿದ್ದ ಹೆಂಗಸು, ನಾವು ಕಂಪನಿಯಮ್ಮ ಅನ್ನುತ್ತಿದ್ದೆವು, ಎದುರಿಗೆ ಕೂತಿದ್ದರು. ನಮ್ಮ ಮಾತನ್ನು ಪುಸ್ತಕ ಓದಿ ಕಲಿತವರು, ಆದ್ದರಿಂದ ನಮಗಿಂತ ಶುದ್ಧವಾಗಿ ಮಾತಾಡುತ್ತಿದ್ದರು. ಅಭ್ಯರ್ಥಿಗಳೆಲ್ಲ ಹೊರಗೆ ವರಾಂಡದಲ್ಲಿ ನಿಂತಿದ್ದರು, ಬಾಗಿಲು ತೆರೆದೇ ಇತ್ತು.

ಮೇಷ್ಟ್ರು ಪಟ್ಟಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ನೀವು... ಹದಿನೇಳು ಫೇಲು ಮಾಡಿದೀರಾ?”

“ಮಾಡಿದೀನಿ ಸರ್. ಯಾರ ಮುಖವೂ ನೋಡಲ್ಲ ನಾನು.”

“ಅದು ಕಳ್ಳ ತುಂಡು.”

“ಕಳ್ಳ ತುಂಡು ಒಂಬತ್ತು, ಸರ್. ಗುರುಗಳ ಕೈ ನನಗೆ ಗೊತ್ತಿಲ್ವಾ?”

“ನಿಮ್ಮ ಗುರುಗಳ ತುಂಡುಗಳು ಹೋದ ಬ್ಯಾಚಿಗೇ ಮುಗಿದುಹೋದವು,” ಅಂದರು ಮೇಷ್ಟ್ರು, ತಪ್ಪು ತಮ್ಮದೇ ಎಂಬ ಹಾಗೆ. “ಹೋದ ತಿಂಗಳು ಇವರು ಬಂದಿದ್ದಾಗ ನೀವೇ ಬೆಸೆದು ತೋರಿಸಿದ್ರಲ್ಲ, ಅದನ್ನ ಎತ್ತಿಟ್ಟಿದ್ದೆ. ಹದಿನೇಳು ನಿಮ್ಮದೇ. ಒಂಬತ್ತು ನಿಮ್ಮ ಮನೆಯವರದ್ದು.”

ಹನ್ನೊಂದು ವರ್ಷದ ಮೇಲೆ ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದು, ಕಂಪನಿಯಮ್ಮನ ಮುಂದೆ ಶೋಕಿ ಮಾಡಿ, ಚಪ್ಪಾಳೆ ಗಿಟ್ಟಿಸಿಕೊಂಡ ತುಂಡು ಅದು. ಊರಿನವರ ಕೈಯೆಲ್ಲ ಗುರುತು ಹಿಡಿಯುವ ನಾನು ನನ್ನ ಕೈಯನ್ನೇ ಹೆಂಡತಿಯದ್ದು ಅಂದುಕೊಂಡಿದ್ದೆ, ಹೆಂಡತಿಯ ಕೈಗೆ ಗುರುವಿನದ್ದೆಂದು ಕೈಮುಗಿದಿದ್ದೆ.

“ಹಾಗಾದರೆ ನಿಯಮದ ಪ್ರಕಾರ ಇಡೀ ತಂಡದ ಫಲಿತಾಂಶ ಅಸಿಂಧುವಾಗುತ್ತದೆ,” ಅಂದರು ಕಂಪನಿಯಮ್ಮ. “ಬೇರೆ ಪರೀಕ್ಷಕರನ್ನು ಕರೆಸಲು ನನಗೆ ಸಮಯವಿಲ್ಲ. ಅಂತಹವರು ದೊರೆಯುವುದೂ ಇಲ್ಲ. ನಾನು ನಾಳೆ ಬೇರೆ ದೇಶಕ್ಕೆ ಹೊರಡಬೇಕು. ನನಗೆ ಅತೀವ ದುಃಖವಾಗಿದೆ.”

ವರಾಂಡದಲ್ಲಿ ಗುಸುಗುಸು ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಯಾರೋ ಹಲ್ಲು ಕಡಿದು ಹೇಳಿದ್ದು ಕೇಳಿಸಿತು. ಅವರ ಮೇಲೆ ಸಿಟ್ಟು ಬರಲಿಲ್ಲ, ಸರಿಯಾಗಿಯೇ ಹೇಳಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಸುಟ್ಟ ಚುಕ್ಕೆಗಳಿದ್ದ ಏಪ್ರನ್ನಿನ ಮೇಲೆಯೇ ಬ್ಯಾಗು ನೇತಾಡುತ್ತಿತ್ತು. ಬ್ಯಾಗಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದಳು. ಅದರ ತುಂಬ ಬಣ್ಣದ ಚೀಟಿಗಳು.

“ಸರ್, ನಲವತ್ತೊಂದನೇ ನಿಯಮ ಪೂರ್ತಿ ಓದಬೇಕು. ಪುಟ ನೂರ ಹನ್ನೆರಡು. ಕಳ್ಳ ತುಂಡು ಫೇಲಾದರೆ ಅದನ್ನೂ ಪ್ರೆಸ್ಸಿಗೆ ಹಾಕಬೇಕು ಅಂತಿದೆ. ಒಡೆದರೆ ಪರೀಕ್ಷಕರು ಹೇಳಿದ್ದು ಸರಿ, ಬ್ಯಾಚು ಉಳಿಯುತ್ತೆ. ಒಡೀದಿದ್ದರೆ ಮಾತ್ರ ರದ್ದು.”

ಮೇಷ್ಟ್ರು ಪುಟ ತಿರುವಿ ಬೆರಳಿಟ್ಟು ಓದಿದರು. “ಇದೆ. ಈ ಪುಸ್ತಕ ಓದಿದವರೂ ಇದ್ದಾರಾ?”

“ಪುಸ್ತಕ ಅಂದ್ಮೇಲೆ ಓದಬೇಕಲ್ವಾ ಸರ್?”

ಎಲ್ಲರೂ ಪ್ರೆಸ್ಸಿನ ಕೋಣೆಗೆ ಹೊರಟೆವು. ಹಿಡಿಕೆ ಒತ್ತುವ ಕೆಲಸ ನನ್ನದೇ. ಎರಡು ಉರುಳೆಗಳ ಮೇಲೆ ನನ್ನ ತುಂಡನ್ನು ಅಡ್ಡ ಇಟ್ಟೆ. ಮೇಲಿನಿಂದ ಒತ್ತುಗಂಬ ಇಳಿದು ಅದನ್ನು ಹೇರ್‌ಪಿನ್ನಿನ ಹಾಗೆ ಬಗ್ಗಿಸುತ್ತದೆ. ಗಟ್ಟಿ ಬೆಸುಗೆ ಬಾಗುತ್ತದೆ, ಪೊಳ್ಳು ಬೆಸುಗೆ ಬಾಯಿ ಬಿಡುತ್ತದೆ.

ಹಿಡಿಕೆಯ ಮೇಲೆ ಕೈಯಿಟ್ಟಾಗ ನನಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ತುಂಡು ಒಡೆಯದಿದ್ದರೆ, ಹನ್ನೊಂದು ವರ್ಷ ಬಿಟ್ಟಿದ್ದರೂ ನನ್ನ ಕೈ ಕೈಯೇ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಬ್ಯಾಚು ರದ್ದಾಗುತ್ತದೆ, ಕಂಪನಿಯಮ್ಮ ಹೊರಟುಹೋಗುತ್ತಾರೆ, ಹೆಂಡತಿ ಮನೆಯಲ್ಲೇ ಇರುತ್ತಾಳೆ. ನನಗೆ ಬೇಕಾದದ್ದೆಲ್ಲ ಒಂದೇ ಏಟಿಗೆ ಸಿಗುತ್ತದೆ, ಅದೂ ನಾನೇನೂ ಮಾಡದೆ. ಒಡೆದರೆ ನನ್ನ ಹೆಸರೂ ಹೋಯಿತು, ಹೆಂಡತಿಯೂ ಹೋದಳು.

ತಲೆಯೆತ್ತಿ ಅವಳನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ತುಂಡನ್ನು ನೋಡುತ್ತಿದ್ದಳು. ತೊಂಬತ್ತನಾಲ್ಕು ಸಲ ಅಂಚೆಯವನು ಬರುವುದನ್ನು ಅವಳು ಹೀಗೇ ನಿಂತು ನೋಡಿದ್ದಳು. ಪ್ರತಿ ಸಲವೂ ನಾನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ. ಹಿಡಿಕೆ ಒತ್ತಿದೆ.

ತುಂಡು ಬಾಗಿತು. ಕಾಲುಭಾಗ ಬಾಗಿತು, ಅರ್ಧ ಬಾಗಿತು. ಬೆಸುಗೆ ಮಿಸುಕಲಿಲ್ಲ. ಜೀವಮಾನವಿಡೀ ನಾನು ಬೆಸೆದದ್ದು ಗಟ್ಟಿಯಾಗಿರಲಿ ಎಂದು ಬೇಡಿಕೊಂಡವನು, ಆವತ್ತು ದೇವರೇ ಇದೊಂದು ಸಲ ಪೊಳ್ಳಾಗಿರಲಿ ಎಂದು ಬೇಡಿಕೊಂಡೆ. ಮುಕ್ಕಾಲು ಬಾಗಿತು. ಆಮೇಲೆ ಟಕ್ ಅಂತ ಸದ್ದಾಯಿತು, ಬೆಸುಗೆ ಉದ್ದಕ್ಕೂ ಬಾಯಿ ಬಿಟ್ಟಿತು.

ಅಭ್ಯರ್ಥಿಗಳೆಲ್ಲ ಕೂಗಿಕೊಂಡರು. ಸಂಗೀತದ ಮೇಷ್ಟ್ರು ಯಾರನ್ನೋ ಅಪ್ಪಿಕೊಂಡರು. ನಾನು ಬಗ್ಗಿ ನೋಡಿದೆ. ಒಡೆದದ್ದು ನಾನು ಗುರುತು ಹಾಕಿದ ಅಂಚಿನಲ್ಲಲ್ಲ, ನಟ್ಟನಡುವೆ. ಹೊರಗೆ ನುಣ್ಣಗೆ, ಒಳಗೆ ಬೆಸುಗೆಯ ಕಸ, ಕಿಟ್ಟ, ಸಿಕ್ಕಿಕೊಂಡಿತ್ತು. ಯಾವ ಭೂತಗನ್ನಡಿಗೂ ಕಾಣುವಂಥದ್ದಲ್ಲ.

“ಹೊರಗಿನಿಂದಲೇ ಒಳಗಿನ ದೋಷವನ್ನು ಕಂಡಿರಿ!” ಕಂಪನಿಯಮ್ಮ ನನ್ನ ಕೈ ಹಿಡಿದು ಕುಲುಕಿದರು. “ಇಂತಹ ಕಣ್ಣು ನಮ್ಮಲ್ಲಿ ಯಾರಿಗೂ ಇಲ್ಲ. ಪರೀಕ್ಷಕರ ಕೊರತೆಯೂ ನಮ್ಮನ್ನು ಬಾಧಿಸುತ್ತಿದೆ. ತಾವೂ ದಯವಿಟ್ಟು ನಮ್ಮಲ್ಲಿಗೆ ಬರಬೇಕು.”

ನೋಡಿ, ಲೋಕದ ಉದ್ಯೋಗ ಹೀಗೆ ನಡೆಯುತ್ತದೆ. ಒಳ್ಳೆಯ ಕೈಯವನಿಗೆ ಬಸ್ಸಿನ ಸ್ಟೇರಿಂಗು, ಸುಳ್ಳು ಬರೆದವನಿಗೆ ಸನ್ಮಾನ. ಆ ಸುಳ್ಳಿನ ಮೇಲೆ ಸಿಕ್ಕ ಕೆಲಸ ಬೇಡವೆನಿಸಿ ನಾನು ಬರುವುದಿಲ್ಲ ಅಂದೆ, ಅವರಿಗೆ ಕಾರಣ ಹೇಳಲಿಲ್ಲ. ಆಮೇಲೆ ಮೀನು ಮೇಷ್ಟ್ರನ್ನು ಮೂಲೆಗೆ ಕರೆದು ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದೆ. ಹೆಂಡತಿಯದ್ದು ಅಂದುಕೊಂಡೇ ಫೇಲು ಮಾಡಿದ್ದು, ಅವಳು ಹೋಗದಿರಲಿ ಎಂದು ಮಾಡಿದ್ದು, ಎಲ್ಲವನ್ನೂ. ಬೇಕಿದ್ದರೆ ನನ್ನನ್ನು ಕೆಲಸದಿಂದ ತೆಗೆಯಿರಿ ಅಂದೆ.

ಅವರು ಗಡ್ಡ ಕೆರೆದುಕೊಂಡರು. “ನಿಯಮ ಕೇಳೋದು ತುಂಡು ಒಡೀತಾ ಅಂತ. ಪರೀಕ್ಷಕನ ಮನಸ್ಸು ಹೆಂಗಿತ್ತು ಅಂತ ಕೇಳಲ್ಲ. ಅದನ್ನ ಕೇಳೋರು ಬೇರೆ ಇದಾರೆ, ಹೋಗಿ.”

ಕೇಳುವವಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಇನ್ನೂ ಬಿಸಿಲಿತ್ತು. ಇಬ್ಬರೂ ಮನೆ ಕಡೆಗೆ ನಡೆದೆವು. ಅಂಗಡಿ ಬೀದಿ ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ.

“ಗುರುಗಳ ಕೈ ನಿನಗೆ ಎಲ್ಲಿಂದ ಬಂತು?”

“ಶೆಡ್ಡಿನ ಮೂಲೇಲಿ ಅವರ ಹಳೇ ತುಂಡುಗಳು ರಾಶಿ ಬಿದ್ದಿದ್ವು. ಬಗ್ಗಿಸಿದ ಮೇಲೂ ಗೆರೆ ಕಾಣುತ್ತಲ್ಲ. ದಿನಕ್ಕೊಂದು ತಗೊಂಡು ಓದಿದೆ.”

“ಮತ್ತೆ ಒಲೆ ಮುಂದೆ ನನ್ನ ಥರ ತೂಗ್ತಿದ್ದೆ?”

“ಅದಾ? ನೀವು ನೋಡ್ತಿದ್ರಲ್ಲ, ಅದಕ್ಕೆ. ನಾಲ್ಕು ದಿನ ತೂಗಿದ್ರೆ ನಿಮಗೂ ಖುಷಿ ಆಗುತ್ತೆ ಅಂತ.”

ಅವಳು ನಡೆಯುವುದನ್ನು ನಿಲ್ಲಿಸಿದಳು.

“ಹದಿನೇಳು ನಂದು ಅಂತ ತಾನೇ ಫೇಲ್ ಮಾಡಿದ್ದು?”

“ಹೂಂ.”

“ಊರು ಆಡಿಕೊಳ್ಳುತ್ತೆ ಅಂತಾನಾ, ನಾನು ಹೋಗ್ತೀನಿ ಅಂತಾನಾ?”

ಊರಿನ ಹೆಸರು ಹೇಳಿ ಪಾರಾಗಬಹುದಿತ್ತು. “ನೀನು ಹೋಗ್ತೀಯ ಅಂತ,” ಅಂದೆ. “ಎರಡು ವರ್ಷ ಆ ಮನೇಲಿ ನಾನೊಬ್ಬನೇ ಏನು ಮಾಡಲಿ? ಹೆದರಿಕೆ ಆಯ್ತು ಕಣೇ.”

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು.

“ಲಕೋಟೆ ಒಡೆದಾಗಲೇ ನಂಗೆ ಗೊತ್ತಾಗಿತ್ತು ರೀ. ನಿಮ್ಮ ಜೊತೆ ಮಾತೇ ಆಡಬಾರದು, ಹಾಗೇ ಗಂಟು ಕಟ್ಟಿಕೊಂಡು ಹೊರಡಬೇಕು ಅಂದುಕೊಂಡೆ. ಆಮೇಲೆ ಪ್ರೆಸ್ಸಿನ ಮುಂದೆ ನೀವು ಹಿಡಿಕೆ ಒತ್ತುವಾಗ ನಿಮ್ಮ ಬಾಯಿ ನೋಡಿದೆ. ‘ಒಡಿ, ಒಡಿ’ ಅಂತಿದ್ರಿ.”

ನನ್ನ ಬಾಯಿ ಆಡಿದ್ದು ನನಗೇ ಗೊತ್ತಿರಲಿಲ್ಲ. ಮನೆಯಿಂದ ಹೊರಡುವವರಿಗೆ ಹೇಳುವ ಮಾತೊಂದಿದೆ. ಎಂಟು ತಿಂಗಳಲ್ಲಿ ಅದು ಒಂದು ಸಲವೂ ನನ್ನ ಬಾಯಿಂದ ಬಂದಿರಲಿಲ್ಲ. ಬೀದಿಯಲ್ಲೇ ನಿಂತು ಹೇಳಿದೆ.

“ಹೋಗಿ ಬಾ.”

“ಇನ್ನೂ ಇಪ್ಪತ್ತು ದಿನ ಇದೆ,” ಅಂದಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. “ಈಗಲೇ ಕಳಿಸಿಬಿಡ್ತೀರಾ?”